ಬಾವನ ಮಾರು

ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ವಯಸ್ಸಾದ ಮೇಲೆ ಅದು ಸ್ವಲ್ಪ ಕೆಳಗೆ ಇಳಿದಿರಬಹುದು, ಹೋಗಿಯಂತೂ ಇಲ್ಲ. ಆ ಸಿಟ್ಟಿನ ಭರದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಒಂದೇ ಒಂದು. ಅದನ್ನೂ ಅರ್ಧ ಕೆಡಿಸಿಕೊಂಡೇ ಮಾಡಿದೆ.

ಆಗ ಎರಡನೇ ಮಹಾಯುದ್ಧದ ಕಾಲ. ನಾನು ಕುಮಟೆಯವಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಧಾರವಾಡದಲ್ಲಿ ಎರಡು ವರ್ಷ ತರಬೇತಿ ಮುಗಿಸಿ, ಹೊನ್ನಾವರದ ಒಂದು ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಸೇರಿದ್ದೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಎಂದೇ ಹೆಸರು. ಇಪ್ಪತ್ತು ವರ್ಷದವಳಾದರೂ ಊರಿಗೆಲ್ಲ ಅಕ್ಕೋರು ಅನ್ನಿಸಿಕೊಂಡು ನನ್ನ ಗತ್ತು ಸ್ವಲ್ಪ ಹೆಚ್ಚೇ ಆಗಿತ್ತು. ಶರಾವತಿಯ ದಂಡೆಯಲ್ಲಿದ್ದ ನನ್ನ ಸ್ವಂತ ಅಕ್ಕನ ಮನೆಯಲ್ಲಿ ನನ್ನ ಊಟ, ವಸತಿ.

ಅಕ್ಕನ ಗಂಡ, ಅಂದರೆ ನನ್ನ ಬಾವ, ಒಂದು ಹಾಯಿದೋಣಿಯ ಯಜಮಾನ. ತೆಂಗಿನಕಾಯಿ, ಉಪ್ಪು, ಹಂಚು ಹೇರಿಕೊಂಡು ಹೊನ್ನಾವರದಿಂದ ಉತ್ತರಕ್ಕೆ ಕುಮಟೆ, ದಕ್ಷಿಣಕ್ಕೆ ಭಟ್ಕಳ ಎಂದು ಓಡಾಡಿಕೊಂಡಿದ್ದ. ಗಿಡ್ಡ ಆಳು. ಮಾತು ಕಡಿಮೆ. ಅವನ ಅಣ್ಣ ಕರ್ಕಿಯಲ್ಲಿದ್ದರು, ಆರಡಿ ಎತ್ತರ, ಮಾತೂ ಅಷ್ಟೇ ಉದ್ದ. ಅಣ್ಣ ಪಕ್ಕಕ್ಕೆ ಬಂದು ನಿಂತರೆ ಸಾಕು, ಜನ ಬಾವನನ್ನು ನೋಡಿ ಏನಾದರೊಂದು ತಮಾಷೆ ಮಾಡದೆ ಬಿಡುತ್ತಿರಲಿಲ್ಲ. ಬಾವ ನಗುತ್ತಿದ್ದ. ಆ ನಗು ಅವನಿಗೆ ಎಷ್ಟು ಕಷ್ಟದ್ದು ಎಂದು ಅಕ್ಕನಿಗೆ ಮಾತ್ರ ಗೊತ್ತಿತ್ತು.

ಆ ಮಳೆಗಾಲದ ಮೊದಲ ಬಿರುಗಾಳಿಗೆ ಬಾವನ ದೋಣಿಯ ಹಾಯಿ ಹರಿದು ಚಿಂದಿಯಾಯಿತು. ಹೊಸ ಹಾಯಿಗೆ ಬಟ್ಟೆ ಎಲ್ಲಿಂದ ತರುವುದು? ಸೀರೆಗೇ ಕಂಟ್ರೋಲ್ ಇದ್ದ ದಿನಗಳು. ಬಾವ ಕಚೇರಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿ ಕೊನೆಗೂ ಐವತ್ತೈದು ಗಜಕ್ಕೆ ಪರವಾನಗಿ ತಂದ. ಕುಮಟೆಯ ಅಂಗಡಿಯಿಂದ ದಪ್ಪ ಬಟ್ಟೆಯ ಎರಡು ಗಂಟು ಮನೆಗೆ ಬಂದವು. ಇನ್ನೊಂದು ಗಜ ಬೇಕೆಂದರೂ ಆ ವರ್ಷ ಸಿಗುವ ಹಾಗಿರಲಿಲ್ಲ. ಹಾಯಿ ಕೆಟ್ಟರೆ ದೋಣಿ ಇಡೀ ವರ್ಷ ದಡದಲ್ಲೇ. ಅಕ್ಕನಿಗೆ ಆಗ ಐದು ತಿಂಗಳು.

ಹಾಯಿ ಕತ್ತರಿಸುವುದಕ್ಕೆ ನಮ್ಮ ಕಡೆಯ ದೋಣಿಯವರೆಲ್ಲ ನಂಬಿದ್ದು ಭಟ್ಕಳದ ಒಬ್ಬ ಅಜ್ಜನನ್ನು. ಮನೆಯಲ್ಲಿ ಆಡುವ ಮಾತು ನವಾಯತಿ, ನಮ್ಮ ಜೊತೆ ಕನ್ನಡ. ಅಜ್ಜನ ಪದ್ಧತಿಯೇ ಬೇರೆ. ದೋಣಿ ಹೊಸದಾಗಿ ನೀರಿಗಿಳಿಯುವಾಗ ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಮೂರು ಮೂಲೆಯ ಬಟ್ಟೆ ಕತ್ತರಿಸಿ, ಅಂಚು ಹೊಲಿದು ಯಜಮಾನನಿಗೆ ಕೊಡುತ್ತಿದ್ದ. ಅದು ಆ ದೋಣಿಯ ಚಿಕ್ಕ ಹಾಯಿ. ಅದನ್ನು ದೇವರ ಗೂಡಿನಲ್ಲಿ ಇಡಬೇಕು. ಮುಂದೆ ಯಾವಾಗ ಹೊಸ ಹಾಯಿ ಬೇಕಾದರೂ ಆ ಚಿಕ್ಕದನ್ನು ಹೊರಗೆ ತೆಗೆದು ಬೆರಳಲ್ಲಿ ಅಳೆಯುವುದು. ಚಿಕ್ಕದರಲ್ಲಿ ಎರಡು ಬೆರಳಿದ್ದರೆ ದೊಡ್ಡದರಲ್ಲಿ ಒಂದು ಮಾರು. ಎರಡೂ ಕೈ ಚಾಚಿದಾಗ ಈ ತುದಿಯಿಂದ ಆ ತುದಿಗೆ ಎಷ್ಟೋ ಅಷ್ಟು ಒಂದು ಮಾರು. ಬಾವನ ಚಿಕ್ಕ ಹಾಯಿ ಹನ್ನೆರಡು, ಹತ್ತು, ಎಂಟು ಬೆರಳು. ಹಾಗಾಗಿ ದೊಡ್ಡದು ಆರು, ಐದು, ನಾಲ್ಕು ಮಾರು. ಹಳೆಯ ಹಾಯಿಯನ್ನೇ ನೋಡಿ ಕತ್ತರಿಸಬಾರದೇ ಎಂದು ನಾನು ಕೇಳಿದ್ದೆ. ಗಾಳಿ ಅದನ್ನು ಎಳೆದು ಎಳೆದು ಆಕಾರ ಕೆಡಿಸಿರುತ್ತದೆ, ಅದನ್ನು ನಂಬುವ ಹಾಗಿಲ್ಲ ಎಂದ ಬಾವ.

ಆದರೆ ಆ ವರ್ಷ ಅಜ್ಜನ ಕಣ್ಣಿಗೆ ಪೂರಾ ಪೊರೆ ಬಂದಿತ್ತು. ಕತ್ತರಿ ಹಿಡಿಯಲಾರೆ, ನೀವೇ ಕತ್ತರಿಸಿ ಹೊಲಿದು ತನ್ನಿ, ಏರಿಸುವ ಮೊದಲು ಒಮ್ಮೆ ಕೈಯಾಡಿಸಿ ಹೇಳುತ್ತೇನೆ ಎಂದು ಹೇಳಿ ಕಳಿಸಿದ. ಅವನ ಕೈ ಆಡದೆ ಹೊಸ ಹಾಯಿ ಏರಿಸುವ ರೂಢಿ ನಮ್ಮಲ್ಲಿ ಇರಲಿಲ್ಲ.

ಹೊರಗೆ ಮಳೆ. ಅಷ್ಟು ದೊಡ್ಡ ಹಾಯಿ ಹಾಸಿ ಗುರುತು ಮಾಡಲು ಒಣ ನೆಲ ಬೇಕಲ್ಲ. ನಾನೇ ಹೆಡ್ ಅಕ್ಕೋರ ಕಾಲು ಹಿಡಿದು ಒಂದು ಭಾನುವಾರ ಶಾಲೆಯ ದೊಡ್ಡ ಹಾಲಿನ ಕೀಲಿಕೈ ತಂದೆ. ಸಂಜೆಯೊಳಗೆ ನೆಲ ಒರೆಸಿಡುವ ಹೊಣೆಯೂ ನನ್ನದೇ. ಮೂರು ಹಗ್ಗ ಅಳೆದುಕೊಂಡು, ಮೂರು ಮೂಲೆಗೆ ಮೂರು ಜನ ಹಿಡಿದು ಬಿಗಿಯಾಗಿ ಎಳೆದರೆ ಹಾಯಿಯ ಆಕಾರ ನೆಲದ ಮೇಲೆ ತಾನಾಗಿ ಬೀಳುತ್ತದೆ. ಹಗ್ಗದ ಗುಂಟ ಸೀಮೆಸುಣ್ಣದ ಗೆರೆ ಎಳೆದರೆ ಆಯಿತು.

ಹಗ್ಗ ಅಳೆಯುವುದರಲ್ಲೂ ಒಂದು ರೂಢಿ ಇತ್ತು. ಕೊನೆಯ ಹಗ್ಗಕ್ಕೆ ಯಜಮಾನನ ಕೈ ಸೋಕಬೇಕು, ಇಲ್ಲದಿದ್ದರೆ ಗಾಳಿ ಒಲಿಯುವುದಿಲ್ಲ ಎಂಬ ನಂಬಿಕೆ. ಅಜ್ಜನೇ ಕತ್ತರಿಸುತ್ತಿದ್ದಾಗ ಮೂರನ್ನೂ ಅವನೇ ಅಳೆದು ಕೊನೆಯದರ ತುದಿಯನ್ನು ಯಜಮಾನನಿಗೆ ಮುಟ್ಟಿಸುತ್ತಿದ್ದ, ಅಷ್ಟೇ. ಈ ಸಲ ಅಜ್ಜ ಬಂದಿಲ್ಲ. ಮನೆಗೆ ಹಿರಿಯರೆಂದು ಬಾವನ ಅಣ್ಣ ಆರು ಮಾರಿನ ಹಗ್ಗವನ್ನೂ ಐದು ಮಾರಿನದನ್ನೂ ಅಳೆದರು. ಕೊನೆಯ ನಾಲ್ಕು ಮಾರನ್ನು ಬಾವ ಭಕ್ತಿಯಿಂದ ತಾನೇ ಅಳೆದ. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ನಾನು ನೆಲದ ಮೇಲೆ ಎಷ್ಟು ಸೀಮೆಸುಣ್ಣ ಖರ್ಚಾಗುತ್ತಿದೆ ಎಂದು ನೋಡುತ್ತಿದ್ದೆ.

ಗೆರೆ ಮುಗಿಯಿತು. ಬಟ್ಟೆ ಹಾಸಿ ಎಣಿಸಿದರೆ ಐವತ್ತೈದು ಗಜ ಸರಿಯಾಗಿ ಸಾಲುತ್ತದೆ ಎಂದು ಎಲ್ಲರಿಗೂ ಖುಷಿಯೋ ಖುಷಿ. ಬಾವ ಕತ್ತರಿಗೆ ಕುಂಕುಮ ಹಚ್ಚಿದ. ಅಷ್ಟರಲ್ಲಿ, ತಟ್ಟೆಯಲ್ಲಿ ಹೂವಿನ ಜೊತೆ ಇಟ್ಟಿದ್ದ ಚಿಕ್ಕ ಹಾಯಿಯನ್ನು ನಾನು ಸುಮ್ಮನೆ ಎತ್ತಿಕೊಂಡೆ. ಅದನ್ನು ನೋಡಿ, ನೆಲ ನೋಡಿದೆ. ನೆಲದ ಮೇಲಿನದು ಯಾಕೋ ಒಂದು ಕಡೆ ವಾಲಿದಂತಿತ್ತು.

ಧಾರವಾಡದಲ್ಲಿ ಭೂಮಿತಿ ಕಲಿಸಿದ ಮಾಸ್ತರರು ಸಮರೂಪ ತ್ರಿಕೋನದ ಪಾಠವನ್ನು ಬಹಳ ಪ್ರೀತಿಯಿಂದ ಹೇಳುತ್ತಿದ್ದರು. ಒಂದರ ಮೂರು ಬದಿ, ಇನ್ನೊಂದರ ಮೂರು ಬದಿ. ದೊಡ್ಡದಕ್ಕೆ ದೊಡ್ಡದು, ನಡುವಿನದಕ್ಕೆ ನಡುವಿನದು, ಚಿಕ್ಕದಕ್ಕೆ ಚಿಕ್ಕದು ಜೋಡಿ ಮಾಡಿ ಭಾಗಿಸಿ ನೋಡಿ, ಮೂರು ಸಲವೂ ಒಂದೇ ಉತ್ತರ ಬಂದರೆ ಎರಡರ ಆಕಾರವೂ ಒಂದೇ. ಕೋನ ಅಳೆಯುವ ಗೊಡವೆಯೇ ಬೇಡ. ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದುಕೊಂಡಿದ್ದೆ. ಅದು ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ಆವರೆಗೆ ಯೋಚಿಸಿರಲೇ ಇಲ್ಲ.

ಅಳತೆಪಟ್ಟಿ ತಂದು ಚಿಕ್ಕ ಹಾಯಿ ಅಳೆದೆ. ಒಂಬತ್ತು ಇಂಚು, ಏಳೂವರೆ, ಆರು. ಶಾಲೆಯ ಗಜಕಡ್ಡಿ ಹಿಡಿದು ಸೀಮೆಸುಣ್ಣದ ಗೆರೆಗಳನ್ನೂ ಅಳೆದು ಭಾಗಿಸಿದೆ. ಮೂರಕ್ಕೆ ಮೂರು ಉತ್ತರವೂ ಬೇರೆ ಬೇರೆ! ನನ್ನ ತಲೆಗೆ ಸಿಟ್ಟು ಏರಿತು.

"ಕತ್ತರಿ ಕೆಳಗಿಡು ಬಾವ. ಒಂದೂ ಸರಿ ಇಲ್ಲ. ನಾಲ್ಕರ ತನಕ ಎಣಿಸೂಕೂ ಬರೂದಿಲ್ವಾ ನಿಂಗೆ? ನಮ್ಮ ಒಂದನೇ ಕ್ಲಾಸಿನ ಹುಡುಗೀರು ವಾಸಿ," ಎಂದೆ.

ಅವನ ಅಣ್ಣ, ದೋಣಿಯ ನಾಲ್ಕು ಜನ ಆಳುಗಳು, ಚಹಾ ತಂದಿದ್ದ ಅಕ್ಕ, ಎಲ್ಲರ ಎದುರು. ಬಾವನ ಮುಖ ಸಣ್ಣದಾಯಿತು.

ತಪ್ಪಿದ್ದು ನಾನೇ. ಸಿಟ್ಟಿನಲ್ಲಿ ಚಿಕ್ಕ ಹಾಯಿಯನ್ನು ತಿರುವಿ ಹಿಡಿದಿದ್ದೆ, ಸಣ್ಣ ಬದಿಯನ್ನು ನೆಲದ ನಡುವಿನ ಬದಿಗೆ ಜೋಡಿ ಮಾಡಿದ್ದೆ. ಬದಿ ನೋಡಿ ಜೋಡಿ ಮಾಡಬೇಕು ಎಂದು ಹುಡುಗಿಯರಿಗೆ ದಿನಾ ಬಯ್ಯುವವಳು! ಮತ್ತೆ ಮೊದಲಿನಿಂದ ಮಾಡಿದೆ. ಒಂಬತ್ತು ಇಂಚಿಗೆ ಮೂವತ್ತಾರು ಅಡಿ, ಅಂದರೆ ಇಂಚಿಗೆ ನಾಲ್ಕು ಅಡಿ. ಏಳೂವರೆಗೆ ಮೂವತ್ತು ಅಡಿ, ಮತ್ತೆ ಇಂಚಿಗೆ ನಾಲ್ಕೇ. ಆರು ಇಂಚಿಗೆ ಇಪ್ಪತ್ತನಾಲ್ಕು ಅಡಿ ಬರಬೇಕಿತ್ತು. ಇದ್ದದ್ದು ಇಪ್ಪತ್ತೊಂದು ಅಡಿ ನಾಲ್ಕು ಇಂಚು. ಎರಡು ಹಗ್ಗ ಸರಿ, ಕೊನೆಯದು ಮಾತ್ರ ಗಿಡ್ಡ.

"ನಾಲ್ಕು ಮಾರು ಅಂದ್ರೆ ನಾಲ್ಕು ಮಾರೇ. ನಾನೇ ಎಣಿಸ್ದೆ," ಎಂದರು ಅಣ್ಣ.

"ಯಾರ ಮಾರು?" ಎಂದು ಕೇಳಿದೆ.

ಅಣ್ಣತಮ್ಮ ಇಬ್ಬರನ್ನೂ ಗೋಡೆಯ ಉದ್ದದ ಕರಿಹಲಗೆಗೆ ಬೆನ್ನು ಕೊಟ್ಟು ಒಬ್ಬರಾದ ಮೇಲೆ ಒಬ್ಬರನ್ನು ನಿಲ್ಲಿಸಿ, ಕೈ ಚಾಚಿಸಿ ಬೆರಳತುದಿಗೆ ಗುರುತು ಹಾಕಿದೆ. ಅಣ್ಣನದು ಸರಿಯಾಗಿ ಆರಡಿ. ಬಾವನದು ಎಂಟು ಇಂಚು ಕಡಿಮೆ. ನಾಲ್ಕು ಸಲ ಎಂಟು ಇಂಚು ಅಂದರೆ ಎರಡಡಿ ಎಂಟು ಇಂಚು, ಹಗ್ಗದಲ್ಲಿ ಕಡಿಮೆ ಬಿದ್ದದ್ದೂ ಅಷ್ಟೇ. ಒಬ್ಬ ಆಳು ಕಿಸಕ್ಕನೆ ನಕ್ಕ. ನನ್ನ ಲೆಕ್ಕ ಸರಿಯಾಗಿತ್ತು, ಆದರೆ ಬಾವನ ಗಿಡ್ಡ ಕೈಯನ್ನು ಎಲ್ಲರ ಎದುರು ಹಲಗೆಯ ಮೇಲೆ ಬರೆದು ತೋರಿಸಿದಂತಾಗಿತ್ತು.

ಆಮೇಲೆ ಇನ್ನೊಂದು ಪೇಚು. ಮೂರನೆಯದನ್ನೂ ಅಣ್ಣನ ಮಾರಿನಲ್ಲೇ ಅಳೆದರೆ ಆಕಾರವೇನೋ ಸರಿಯಾಗುತ್ತದೆ, ಬಟ್ಟೆ ಅರವತ್ತು ಗಜ ದಾಟುತ್ತದೆ. ಇದ್ದದ್ದು ಐವತ್ತೈದು.

"ಹಂಗಾರೆ ಈಗ ಇದ್ದ ಹಂಗೇ ಕತ್ತರಿಸ್ವ. ಬಟ್ಟೆ ಸಾಲ್ತದೆ. ಗಾಳಿಗೆ ಎಂತ ಭಾಗಾಕಾರ ಬತ್ತದಾ?" ಎಂದರು ಅಣ್ಣ.

"ವಾಲಿದ ಹಾಯಿ ದೋಣೀನ ವಾಲಿಸ್ತದೆ," ಎಂದ ಬಾವ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ: "ಮೂರೂ ನನ್ನ ಮಾರೇ ಆದ್ರೆ?"

ನಾನು ಲೆಕ್ಕ ಹಾಕಿದೆ. ಮೂರು ಬದಿಯೂ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತವೆ. ಚಿಕ್ಕ ಹಾಯಿಯ ಇಂಚಿಗೆ ಮೂರೂವರೆ ಅಡಿಗಿಂತ ಚೂರು ಹೆಚ್ಚು, ಮೂರರಲ್ಲೂ ಅಷ್ಟೇ. ಆಕಾರ ಕೆಡುವುದಿಲ್ಲ. ಬಟ್ಟೆಯೂ ಸಾಲುತ್ತದೆ, ಸ್ವಲ್ಪ ಉಳಿದೀತು ಕೂಡ. ಹಾಯಿ ಕಟ್ಟುವ ಮೇಲಿನ ಓರೆಮರದಲ್ಲಿ ನಾಲ್ಕಡಿ ಬರಿದಾಗಿ ಉಳಿಯುತ್ತದೆ, ಅಷ್ಟೇ.

"ಆಗ್ತದೆ," ಎಂದೆ.

"ಹೇಳ್ದವಳು ನೀನು, ನೆನಪಿರಲಿ," ಎಂದರು ಅಣ್ಣ. "ಗಿಡ್ಡನ ಅಳತೆ ಹಾಯಿ ಕಟ್ಕಂಡು ಹೋದ್ರೆ ಬಂದರಿನಲ್ಲಿ ನಗ್ತ್ರು."

ಬಾವ ಹಗ್ಗ ಮೂರನ್ನೂ ತನ್ನ ಕೈಯಿಂದ ಮತ್ತೆ ಅಳೆದ. ನಾನು ಗಜಕಡ್ಡಿಯಿಂದ ಅಳೆದು ನೋಡಿದೆ, ಮೂರೂ ಕೂಡಿಬಂದವು. ಅವನು ಕತ್ತರಿಸಿದ. ನಾನು ಒದ್ದೆ ಅರಿವೆ ತಂದು ನೆಲದ ಸುಣ್ಣ ಒರೆಸತೊಡಗಿದೆ.

ಮುಂದಿನ ಮೂರು ವಾರ ಮನೆಯ ಜಗುಲಿಯಲ್ಲಿ ಹೊಲಿಗೆ ನಡೆಯಿತು. ಬಾವ ನನ್ನ ಜೊತೆ ಮಾತು ಬಿಟ್ಟಿದ್ದ. ಬಿಟ್ಟಿದ್ದ ಎಂದರೆ ತಪ್ಪು, "ಅಕ್ಕೋರೇ, ಊಟಕ್ಕೆ ಏಳಿ" ಎನ್ನುತ್ತಿದ್ದ. ಅದು ಬಯ್ಗುಳಕ್ಕಿಂತ ಕೆಟ್ಟದು. ಮೊದಲೆಲ್ಲ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ.

"ನೀ ಹೇಳಿದ್ದು ಖರೆ ಇರ್ಬಹುದು. ಹೇಳೋ ರೀತಿ ಎಂತದು? ಕಿವಿಯಲ್ಲಿ ಹೇಳೂಕೆ ಆಗ್ತಿರ್ಲಿಲ್ವಾ?" ಎಂದಳು ಅಕ್ಕ.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹಾಯಿ ಕತ್ತರಿಸಿದ್ದನ್ನು ನಾನು ಹುಟ್ಟಾ ಕಂಡವಳಲ್ಲ. ಪುಸ್ತಕದ ತ್ರಿಕೋನ ಕಾಗದದ ಮೇಲೆ ಸುಮ್ಮನೆ ಬಿದ್ದಿರುತ್ತದೆ, ಅದಕ್ಕೆ ಗಾಳಿ ಬಡಿಯುವುದಿಲ್ಲ. ಹೊಲಿಯುವಾಗ ಒಂದು ಅಂಚು ಎಳೆದುಕೊಂಡಿದ್ದರೆ? ನಾನೇ ಎಲ್ಲೋ ಒಂದಂಕಿ ತಪ್ಪಿದ್ದರೆ? ಪಾಠ ಹೇಳುತ್ತಿದ್ದಂತೆ ಮಧ್ಯದಲ್ಲಿ ನಿಲ್ಲಿಸಿ ಒಂಬತ್ತು ನಾಲ್ಕಲೆ ಮೂವತ್ತಾರು ಎಂದುಕೊಳ್ಳುತ್ತಿದ್ದೆ. ಹುಡುಗಿಯರು ಮುಸಿಮುಸಿ ನಗುತ್ತಿದ್ದರು.

ಮಳೆಗಾಲ ಕಳೆದು ಕಡಲಿಗೆ ದೋಣಿ ಇಳಿಸುವ ನೂಲುಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಹಾಯಿಯನ್ನು ಸುತ್ತಿ ಕಟ್ಟಿ ಭಟ್ಕಳಕ್ಕೆ ಹೊರಟೆವು. ಬಾವ, ಅವನ ಅಣ್ಣ, ನಾನು. ನೀನೆಂತಕ್ಕೆ ಎಂದು ಅಣ್ಣ ಕೇಳಿದರು. ಆಗ್ತದೆ ಅಂದವಳು ನಾನಲ್ಲವಾ ಎಂದೆ. ಹೊಳೆ ದಾಟಿ, ಆಚೆ ದಡದಲ್ಲಿ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿದೆವು. ಹಾಯಿ ಬಸ್ಸಿನ ತಲೆಯ ಮೇಲೆ. ಏರು ಬಂದಾಗಲೆಲ್ಲ ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರ್ ಇಳಿದು ಹಿಂದಿನ ಒಲೆಗೆ ಗಾಳಿ ಹಾಕುತ್ತಿದ್ದ. ದಾರಿಯುದ್ದಕ್ಕೂ ಬಾವ ಕಿಟಕಿಯ ಹೊರಗೆ ನೋಡುತ್ತಲೇ ಕೂತ.

ಅಜ್ಜನ ಮನೆ ಬಂದರಿನ ಹತ್ತಿರ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅಂಗಳದ ಮರಳಿನ ಮೇಲೆ ಹಾಯಿ ಬಿಚ್ಚಿ ಹಾಸಿದೆವು. ಮೊಮ್ಮಗಳು ಕೈ ಹಿಡಿದು ಅಜ್ಜನನ್ನು ಕರೆತಂದಳು. ಬಾಗಿ ಒಣಗಿದ ಸಣ್ಣ ಜೀವ. ಅಜ್ಜ ಮೊದಲು ಚಿಕ್ಕ ಹಾಯಿ ಕೇಳಿ ತೆಗೆದುಕೊಂಡು, ಬೆರಳಾಡಿಸಿ, "ಇದು ನಾನು ಮಾಡಿದ್ದೇ" ಎಂದ. ಆಮೇಲೆ ದೊಡ್ಡ ಹಾಯಿಯ ಒಂದು ಮೂಲೆಯಲ್ಲಿ ಕೂತು, ಉದ್ದದ ಅಂಚನ್ನು ಹಿಡಿದು, ಕೈ ಚಾಚಿ ಚಾಚಿ ಅಳೆಯುತ್ತ ಮುಂದೆ ಸರಿದ. ಒಂದು, ಎರಡು, ಮೂರು. ಆರು ಬಂದರೂ ಅಂಚು ಮುಗಿಯಲಿಲ್ಲ. ಏಳೂ ಆಯಿತು.

"ಏಳೂವರೆ," ಎಂದ ಅಜ್ಜ.

ಆರು ಇರಬೇಕಾದಲ್ಲಿ ಏಳೂವರೆ.

"ನೋಡ್ದ್ಯಾ?" ಎಂದರು ಅಣ್ಣ ಬಾವನಿಗೆ. "ನಾ ಅಂದೇ ಹೇಳಿದ್ದೆ. ಬಟ್ಟೆಯೆಲ್ಲ ಹಾಳಾತು."

ಬಾವ ಮರಳಿನಲ್ಲಿ ಕುಕ್ಕರಿಸಿಬಿಟ್ಟ. ಅವನ ಕಣ್ಣು ನೋಡಲು ನನಗೆ ಧೈರ್ಯ ಬರಲಿಲ್ಲ. ಅಜ್ಜನ ಕೈ ನೋಡಿದೆ. ಮೊಣಕೈ ಬಾಗಿಯೇ ಇತ್ತು, ಪೂರ್ತಿ ಚಾಚಲು ಅವನಿಗೆ ಆಗುತ್ತಲೇ ಇರಲಿಲ್ಲ. ಮುದಿತನಕ್ಕೆ ಅಜ್ಜನ ಮಾರು ಕುಗ್ಗಿತ್ತು! ತಲೆಯಲ್ಲಿ ಲೆಕ್ಕ ಓಡತೊಡಗಿತು. ಆರಕ್ಕೆ ಏಳೂವರೆ ಬಂದರೆ, ಪ್ರತಿ ಮಾರಿಗೆ ಕಾಲು ಹೆಚ್ಚು. ಹಾಯಿಯ ಆಕಾರ ಸರಿಯಿದ್ದರೆ ಐದಕ್ಕೆ ಆರೂಕಾಲು ಬರಬೇಕು, ನಾಲ್ಕಕ್ಕೆ ಐದು. ಬಾಯಿ ಬಿಟ್ಟು ಹೇಳಬೇಕೆನ್ನಿಸಿತು. ಅಕ್ಕ ಹೇಳಿದ್ದು ನೆನಪಾಗಿ ತುಟಿ ಕಚ್ಚಿಕೊಂಡೆ. ಜನ್ಮದಲ್ಲಿ ಮೊದಲ ಸಲ.

ಅಜ್ಜ ಎರಡನೆಯ ಅಂಚು ಹಿಡಿದ. ಅವಸರವೇ ಇಲ್ಲ. ಆರು ಎಣಿಸಿ, ಉಳಿದ ತುಂಡನ್ನು ಗೇಣಿನಲ್ಲಿ ನೋಡಿಕೊಂಡು, "ಆರೂಕಾಲು," ಎಂದ.

ಇನ್ನೊಂದೇ ಉಳಿದಿತ್ತು, ಬಾವ ಅಂದು ಶಾಲೆಯಲ್ಲಿ ಮೊದಲ ಸಲ ಅಳೆದು ಗಿಡ್ಡವಾಗಿದ್ದ ಬದಿ. ಒಂದು. ಎರಡು. ಮೂರು. ಅಲ್ಲಿ ಅಜ್ಜ ಕೆಮ್ಮಿದ, ಮೊಮ್ಮಗಳು ನೀರು ಕೊಟ್ಟಳು. ಅಷ್ಟು ನಿಧಾನವಾಗಿ ನೀರು ಕುಡಿದವರನ್ನು ನಾನು ಬೇರೆ ಕಂಡಿಲ್ಲ. ನಾಲ್ಕು. ಐದು. ಅಜ್ಜನ ಬೆರಳು ಮೂಲೆಯ ಗಂಟಿಗೆ ಬಂದು ನಿಂತಿತು. ಒಂದು ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಐದು," ಎಂದ ಅಜ್ಜ. ಆಮೇಲೆ ನಕ್ಕ. ಬಾಯಿಯಲ್ಲಿ ಒಂದೂ ಹಲ್ಲಿರಲಿಲ್ಲ. "ನನ್ನ ಕೈ ಗಿಡ್ಡ ಆಗಿದೆ ಮಗಾ. ಆದ್ರೆ ಮೂರೂ ಕಡೆ ಒಂದೇ ಸಮ ತಪ್ಪು ಹೇಳ್ತಾ ಇದೆ. ಹಾಯಿ ಸರಿ ಇದೆ. ಏರಿಸು."

ಭಾಗಾಕಾರ ಕಲಿಯದ ಆ ಅಜ್ಜ ನನ್ನ ಇಡೀ ಪಾಠವನ್ನು ಒಂದು ಮಾತಿನಲ್ಲಿ ಮುಗಿಸಿದ್ದ. ಮೂರು ವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ಅಲ್ಲೇ ಬಿಟ್ಟೆ. ಎಷ್ಟು ಜೋರಾಗಿ ಬಿಟ್ಟೆನೆಂದರೆ ಮೊಮ್ಮಗಳು ತಿರುಗಿ ನೋಡಿದಳು. ಹೊಟ್ಟೆ ತಣ್ಣಗಾಯಿತು ಎನ್ನುವುದನ್ನು ಅಲ್ಲಿಯ ತನಕ ಬರೀ ಮಾತಿಗೆ ಅಂದಿದ್ದೆ, ಅವತ್ತು ನಿಜವಾಗಿಯೂ ತಣ್ಣಗಾಯಿತು.

"ಇದು ಯಾರ ಮಾರು?" ಎಂದು ಕೇಳಿದ ಅಜ್ಜ.

ಬಾವ ಎದ್ದು ನಿಂತು, ಅಪರಾಧ ಮಾಡಿದವನ ಹಾಗೆ, "ನಂದೇ ಅಜ್ಜ. ನಾ ಸ್ವಲ್ಪ ಗಿಡ್ಡ," ಎಂದ.

"ಚಾಚು ನೋಡ್ವ."

ಬಾವ ಎರಡೂ ಕೈ ಚಾಚಿ ನಿಂತ. ಅಜ್ಜ ಅವನ ಎದುರು ನಿಂತು ಅವನ ತೋಳಿನ ಮೇಲೆ ತನ್ನ ತೋಳಿಟ್ಟು, ಬೆರಳಿನ ತುದಿ ಹುಡುಕುತ್ತ ಹೋದ. ಅಜ್ಜನ ಕೈ ಬಾವನ ಮಣಿಕಟ್ಟಿನ ಹಿಂದೆಯೇ ಮುಗಿಯಿತು. ಹಾಗೇ ಸ್ವಲ್ಪ ಹೊತ್ತು ಅವನ ಎದೆಗೆ ತಲೆ ತಾಗಿಸಿ ನಿಂತಿದ್ದ.

"ಗಿಡ್ಡ ಎಲ್ಲಿ? ನನಗಿಂತ ಉದ್ದ ಇದ್ದೀ," ಎಂದ. "ಇನ್ನು ನಿನ್ನ ಹಾಯಿಗೆ ಇದೇ ಮಾರು. ನನ್ನ ಕೇಳೂಕೆ ಬರಬೇಡ."

ಅಣ್ಣ ಹಾಯಿ ಮಡಚಲು ಬಗ್ಗಿದರು. ನನ್ನ ಕಣ್ಣಲ್ಲಿ ನೀರು ಬಂದು ಏನೂ ಕಾಣುತ್ತಿರಲಿಲ್ಲ. ಅಳು ಬಂದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ, ಅದಕ್ಕೇ ಬಂದರಿನ ಕಡೆ ತಿರುಗಿ ನಿಂತೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣನಿಗೆ ನಿದ್ದೆ ಹತ್ತಿತು. ಮುರ್ಡೇಶ್ವರ ದಾಟಿದ ಮೇಲೆ ನಾನು ಬಾವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, "ಬಾವ, ಅವತ್ತು ಮೊದಲು ತಪ್ಪಿದ್ದು ನಾನು. ಚಿಕ್ಕ ಹಾಯಿನ ತಿರುವಿ ಹಿಡಿದಿದ್ದೆ," ಎಂದೆ.

ಬಾವ ಕಿಟಕಿಯ ಹೊರಗೆ ನೋಡುತ್ತಲೇ ಇದ್ದ.

"ಗೊತ್ತದೆ," ಎಂದ. "ಆವಾಗ್ಲೇ ಕಂಡಿತ್ತು."

"ಹೇಳ್ಲಿಲ್ಲ ಎಂತಕ್ಕೆ?"

"ಎಲ್ಲರ ಎದುರು ಎಂತ ಹೇಳೂದು ತಂಗಿ," ಎಂದ ಬಾವ.